ಇನ್ನೂ ಓದದ ಸುಳಿವು

ಹತ್ತು ಗಂಟೆಯ ಟಪಾಲಿನಲ್ಲಿ ಕಾರ್ಡು ಬಂತು. ಧರ್ಮರಾಜು ಅದನ್ನು ಓದಲಿಲ್ಲ. ವಿಳಾಸದ ಮುಖ ಮೇಲೆ ಮಾಡಿ ತಕ್ಕಡಿಯ ಪಕ್ಕದಲ್ಲಿಟ್ಟು, ಗಾಳಿಗೆ ಹಾರೀತೆಂದು ಅದರ ಮೇಲೊಂದು ತೂಕದ ಕಲ್ಲು ಹೇರಿ, ಮೂಲಂಗಿ ಬೀಜದ ಡಬ್ಬವನ್ನು ಒರೆಸತೊಡಗಿದ. ಒರೆಸಿದ್ದ ಡಬ್ಬವನ್ನೇ ಇನ್ನೊಮ್ಮೆ ಒರೆಸಿದ. ಕಾರ್ಡಿನ ಆಚೆ ಮುಖದಲ್ಲಿ ಏನಿರುತ್ತದೆಂದು ಅವನಿಗೆ ಗೊತ್ತಿತ್ತು: ಗೆರೆ ಎಳೆದ ಒಂದು ಚೌಕ, ಅದರೊಳಗೆ ಮನೆಗಳು, ಕೆಲವಕ್ಕೆ ಮಸಿ ತುಂಬಿದೆ, ಕೆಲವು ಖಾಲಿ, ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹತ್ತೋ ಹನ್ನೆರಡೋ ಸುಳಿವು. ಸುಳಿವನ್ನು ಒಡೆದು ಪದ ಹುಡುಕಿ ಖಾಲಿ ಮನೆಗೆ ಒಂದೊಂದೇ ಅಕ್ಷರ ತುಂಬಬೇಕು. ಇಂಗ್ಲಿಷ್ ಪತ್ರಿಕೆಗಳಲ್ಲಿ ಇಂಥದ್ದು ಬರುತ್ತದಂತೆ; ಅದನ್ನು ನೋಡಿ ಮಲ್ಲೇಶ್ವರದ ಬದರೀನಾರಾಯಣ ತಾನೇ ಕನ್ನಡದಲ್ಲಿ ಕಟ್ಟಿ, ತನಗೆ ಪಾಠ ಹೇಳಿದ್ದ ಚಂದ್ರಶೇಖರಯ್ಯ ಮೇಷ್ಟರಿಗೆ ಭಾನುವಾರ ಬಿಟ್ಟು ದಿನಕ್ಕೊಂದು ಕಾರ್ಡು ಹಾಕುತ್ತಿದ್ದ. ಮೇಷ್ಟರ ಕಣ್ಣು ಮಂಜಾಗಿತ್ತು. ಅದಕ್ಕೇ ಕಾರ್ಡು ನೇರವಾಗಿ ಸಿದ್ದಿಕಟ್ಟೆಯ ಈ ಬೀಜದ ಅಂಗಡಿಗೆ ಬರುವುದು, ಧರ್ಮರಾಜು ಅದನ್ನು ತನ್ನ ದುಂಡು ಅಕ್ಷರದಲ್ಲಿ ದೊಡ್ಡ ಹಾಳೆಗೆ ಇಳಿಸಿ ಸಾಯಂಕಾಲ ಐದೂವರೆಗೆ ಚಾಮರಾಜಪೇಟೆಗೆ ಒಯ್ಯುವುದು, ಮೇಷ್ಟರ ಜಗುಲಿಯ ಮೇಲೆ ಮೂವರು ಕೂತು ಬಿಡಿಸುವುದು. ಹದಿನಾಲ್ಕು ತಿಂಗಳಿಂದ ನಡೆದುಬಂದದ್ದು ಇದು. ಇದಕ್ಕೆ ಇದ್ದದ್ದು ಒಂದೇ ಕಟ್ಟಳೆ. ‘ಬರಕೊಳ್ಳುವಾಗ ಕೈ ನೋಡಬಹುದು, ತಲೆ ನೋಡಬಾರದು ಕಣಯ್ಯ’ ಎಂದು ಮೇಷ್ಟರು ಮೊದಲ ದಿನವೇ ನಗುತ್ತ ಹೇಳಿದ್ದರು. ಅಂಗಡಿಯಲ್ಲಿ ಬರೆದುಕೊಳ್ಳುವುದಷ್ಟೇ, ಬಿಡಿಸುವುದು ಜಗುಲಿಯ ಮೇಲೆ.

ನಿನ್ನೆ ಸಾಯಂಕಾಲ ಆದದ್ದು ತೀರ ಸಣ್ಣದು. ಬೇರೆ ಯಾರಿಗಾದರೂ ಹೇಳಿದರೆ, ಅಯ್ಯೋ ಇಷ್ಟಕ್ಕೇನಾ ಎಂದು ನಕ್ಕು ಎದ್ದುಹೋದಾರು. ಸುಳಿವು ಓದುವುದು ಯಾವಾಗಲೂ ರಾಮಾಂಜಿನಪ್ಪ. ಬಿನ್ನಿಪೇಟೆಯ ಗಿರಣಿಯಲ್ಲಿ ಫಿಟ್ಟರು ಅವನು. ಕೆಲಸ ಮುಗಿಸಿ ಕೈಕಾಲು ತೊಳೆದು ನೇರ ಜಗುಲಿಗೆ ಬರುತ್ತಾನೆ, ಗಂಟಲು ದೊಡ್ಡದು, ಬೀದಿಗೆಲ್ಲ ಕೇಳುವ ಹಾಗೆ ಓದುತ್ತಾನೆ. ನಿನ್ನೆ ನಾಲ್ಕು ಸುಳಿವು ಮುಗಿದಿದ್ದವು. ‘ಐದನೇದು’ ಎಂದ ರಾಮಾಂಜಿನಪ್ಪ, ಮೂರು ಮನೆ ಎಂದ, ಅಷ್ಟರಲ್ಲಿ ಅವನಿಗೆ ಸೀನು ಬಂತು. ಸೀನಿ, ಮೂಗು ಒರೆಸಿಕೊಂಡು, ಹಾಳೆ ಎತ್ತಿಕೊಳ್ಳುವಷ್ಟರಲ್ಲಿ ಧರ್ಮರಾಜು ‘ಕನಕ’ ಎಂದುಬಿಟ್ಟ. ಬಾಯಿಂದ ಹೊರಟ ಮೇಲೆ ಗೊತ್ತಾಯಿತು, ಸುಳಿವನ್ನು ಯಾರೂ ಇನ್ನೂ ಓದಿಯೇ ಇಲ್ಲ. ಎದುರು ಮನೆಯವರು ದನಕ್ಕೆ ಕಲಗಚ್ಚು ಸುರಿಯುತ್ತಿದ್ದ ಸದ್ದು ಚೆನ್ನಾಗಿ ಕೇಳಿಸಿತು. ಆಮೇಲೆ ರಾಮಾಂಜಿನಪ್ಪ, ಏನೂ ಆಗಿಲ್ಲವೆನ್ನುವಂತೆ, ಆದರೆ ಎಂದಿಗಿಂತ ಮೆಲ್ಲಗೆ, ಓದಿದ: ‘ಎಡದಿಂದ ಬಂದರೂ ಬಲದಿಂದ ಬಂದರೂ ಚಿನ್ನ.’ ಓದಿ, ‘ಸರಿಯಾಗೈತೆ ಧರ್ಮಣ್ಣ, ಕನಕಾನೇ’ ಎಂದ. ಮೇಷ್ಟರು ‘ಹೂಂ, ಬರಿ’ ಎಂದರು. ಧರ್ಮರಾಜು ಬರೆದ. ಆ ಮೂರು ಅಕ್ಷರ ಬರೆಯುವಾಗ ಕೊನೆಯ ಕ ಗೆರೆ ದಾಟಿಹೋಯಿತು. ಉಳಿದ ಸುಳಿವುಗಳಿಗೆ ಅವನು ಬಾಯಿ ಬಿಡಲಿಲ್ಲ, ಅವರೂ ಕೇಳಲಿಲ್ಲ.

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈದರೆ ಎದುರು ಮಾತಾದರೂ ಇದೆ: ಬರೆದುಕೊಳ್ಳುವಾಗ ಕಣ್ಣಿಗೆ ಬೀಳುತ್ತದೆ, ಬಿದ್ದದ್ದು ತಲೆಗೆ ಹೋಗುತ್ತದೆ, ತಲೆಗೆ ಬಾಗಿಲು ಹಾಕೋಕಾಗುತ್ತಾ ಮೇಷ್ಟ್ರೇ? ರಾತ್ರಿಯಿಂದ ಈ ಮಾತನ್ನು ನಾಲ್ಕಾರು ರೀತಿಯಲ್ಲಿ ಹೇಳಿ ನೋಡಿಕೊಂಡಿದ್ದ. ಆದರೆ ಅದು ಸುಳ್ಳು, ತನಗೆ ತಾನೇ ಹೇಳಿಕೊಂಡರೂ ಸುಳ್ಳು. ಕಣ್ಣಿಗೆ ಬಿದ್ದದ್ದಲ್ಲ ಅದು. ದಿನಾ ಬೆಳಿಗ್ಗೆ ಗಿರಾಕಿಗಳು ಕಡಿಮೆಯಾದ ಹೊತ್ತು ನೋಡಿ, ಗಲ್ಲಾದ ಕೆಳಗಿನಿಂದ ನಿಘಂಟು ತೆಗೆದು, ಒಂದು ಚೂರು ಕಾಗದದಲ್ಲಿ ಇಡೀ ಚೌಕವನ್ನು ಬಿಡಿಸಿ, ಉತ್ತರವನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಆ ಚೂರನ್ನು ಹರಿದು ಹಾಕುತ್ತಿದ್ದ. ಸಾಯಂಕಾಲ ಜಗುಲಿಯ ಮೇಲೆ ಕೂತು ಸೂರಿನ ಜಂತೆ ನೋಡುವುದು, ತುಟಿಗೆ ಪೆನ್ಸಿಲ್ ಒತ್ತಿಕೊಳ್ಳುವುದು, ‘ಎಲ್ಲೋ ಕೇಳ್ದಂಗಿದೆ, ಬಾಯಿಗೆ ಬರ್ತಿಲ್ಲ’ ಎಂದು ಒದ್ದಾಡಿ ಆಮೇಲೆ ಥಟ್ಟನೆ ಹೊಳೆದವನ ಹಾಗೆ ಹೇಳುವುದು. ಎಷ್ಟನ್ನು ಹೇಳಬೇಕು ಎಷ್ಟನ್ನು ಬಿಟ್ಟುಕೊಡಬೇಕು ಎಂಬುದಕ್ಕೂ ಒಂದು ಲೆಕ್ಕ ಹಿಡಿದಿದ್ದ. ಮೇಷ್ಟರಿಗೆ ಐದು, ರಾಮಾಂಜಿಗೆ ಮೂರು, ತನಗೆ ನಾಲ್ಕು. ಮೇಷ್ಟರಿಗಿಂತ ಒಂದು ಕಡಿಮೆಯೇ ಇರಲಿ ಎಂಬ ವಿನಯ ಬೇರೆ! ಥೂ, ಎಂದುಕೊಂಡ. ಬಾಯಲ್ಲಿ ಹಾಗೆ ಅಂದದ್ದು ಕೇಳಿಸಿತೇನೋ, ಪಕ್ಕದ ಅಂಗಡಿಯ ಮಾಯಣ್ಣ ತಿರುಗಿ ನೋಡಿದ.

ಶುರುವಾದದ್ದು ಎಲ್ಲಿಂದ ಎಂದು ಹುಡುಕುತ್ತ ಹೋದರೆ ಅಲ್ಲಿ ಸಿಗುವುದು ಕೋಪವಲ್ಲ, ದುರಾಸೆಯಲ್ಲ, ಒಂದು ಒಳ್ಳೆಯ ಮಾತು. ಮೊದಲ ವಾರ. ಇವನಿಗೆ ಒಂದೂ ಬರಲಿಲ್ಲ. ಅಪ್ಪ ಮುನಿಶಾಮಪ್ಪ ತೋಟದಲ್ಲಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ಇಸ್ಕೂಲು ಬಿಟ್ಟು ಸೊಪ್ಪಿನ ಕುಕ್ಕೆ ಹೊತ್ತವನಿಗೆ ನಗ ಅಂದರೆ ಬೆಟ್ಟ, ರದ ಅಂದರೆ ಹಲ್ಲು ಎಂದು ಯಾರು ಹೇಳಿಕೊಟ್ಟಿದ್ದರು? ರಾಮಾಂಜಿ ಅವನಷ್ಟೂ ಓದಿದವನಲ್ಲ, ಆದರೆ ಅವನಿಗೆ ನಾಚಿಕೆಯೆಂಬುದಿಲ್ಲ, ಬಾಯಿಗೆ ಬಂದದ್ದು ಅಂದುಬಿಡುತ್ತಾನೆ, ಹತ್ತರಲ್ಲಿ ಎರಡು ಸರಿಯಾಗುತ್ತವೆ. ಆರನೆಯ ದಿನ ಮೇಷ್ಟರು ಧರ್ಮರಾಜುವಿನ ಬೆನ್ನು ತಟ್ಟಿ, ‘ಪರವಾಗಿಲ್ಲ ಬಿಡಯ್ಯ, ನೀನು ಬರಕೊಂಡು ಬಾ ಸಾಕು. ಎಂಥಾ ದುಂಡು ಅಕ್ಷರ ನಿಂದು!’ ಎಂದರು. ಮನಸಾರೆ ಅಂದದ್ದು. ಅದೇ ಚುಚ್ಚಿದ್ದು. ಕಾಫಿ ಬಂತು, ಇವನೂ ರಾಮಾಂಜಿಯೂ ಕುಡಿದ ಲೋಟಗಳನ್ನು ತಾವೇ ತೊಳೆದು ಕಂಬದ ಬುಡದಲ್ಲಿ ಬೋರಲು ಹಾಕುವುದು ಮೊದಲಿಂದ ಇದ್ದ ರೂಢಿ, ಅದಕ್ಕೆ ಯಾರೂ ಬೇಸರಪಟ್ಟಿರಲಿಲ್ಲ, ಪಟ್ಟಿದ್ದರೂ ಹೇಳಿರಲಿಲ್ಲ. ಆ ದಿನ ಲೋಟ ತೊಳೆಯುತ್ತ ಅವನಿಗೆ ಅನಿಸಿತು: ಇಲ್ಲಿ ಕೂರಬೇಕಾದರೆ ತನಗೆ ಏನಾದರೂ ಬರಲೇಬೇಕು. ಬರೀ ಬರೆದುಕೊಂಡು ಬರುವವನು ಒಂದಲ್ಲ ಒಂದು ದಿನ ಹಾಳೆ ಕೊಟ್ಟು ಮೆಟ್ಟಿಲಿಂದಲೇ ಹಿಂದಕ್ಕೆ ಹೋಗಬೇಕಾಗುತ್ತದೆ. ಮಾರನೆಯ ಬೆಳಿಗ್ಗೆ ಹಳೇ ಪುಸ್ತಕದ ಅಂಗಡಿಗೆ ಹೋಗಿ ನಿಘಂಟು ತಂದ.

‘ಏನಪ್ಪಾ, ಕಣ್ಣು ಬಿಟ್ಕೊಂಡು ನಿದ್ದೆ ಮಾಡ್ತೀಯಾ?’ ಮತ್ತಿಕೆರೆಯಿಂದ ಬರುವ ಸಪ್ಪಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ. ‘ಹೀರೆಕಾಯಿ ಬೀಜ ಕೇಳಿದ್ರೆ ಪಡವಲ ಕಟ್ಟಿದೀಯಲ್ಲೋ. ನಾನು ನೋಡ್ದೆ ಹಾಕಿದ್ರೆ, ಮೂರು ತಿಂಗಳು ನೀರು ಹೊಯ್ದು ಕೊನೇಗೆ ಹಾವಿನಂಗೆ ಜೋತಾಡೋವಾಗ ಗೊತ್ತಾಗೋದು ನಂಗೆ.’

‘ತಪ್ಪಾಯ್ತು ಕಣಮ್ಮ’ ಎಂದು ಪೊಟ್ಟಣ ಬಿಚ್ಚಿದ.

‘ನಿಮ್ಮಪ್ಪ ಕತ್ತಲಲ್ಲಿ ಮೂಸಿ ನೋಡಿ ಬೀಜ ಹೇಳ್ತಿದ್ದ. ನೀನು ಓದ್ದೋನು.’ ಅವಳು ಹೊಸ ಪೊಟ್ಟಣವನ್ನು ಅಲ್ಲೇ ಬಿಚ್ಚಿ ನೋಡಿ, ಮತ್ತೆ ಕಟ್ಟಿ ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಓದ್ದೋನು ಎಂಬ ಮಾತು ಅಂಗಡಿಯಲ್ಲೇ ಉಳಿಯಿತು. ಕಾರ್ಡಿನ ಕಡೆ ನೋಡಿದ. ಕಲ್ಲಿನ ಕೆಳಗಿಂದ ಒಂದು ಮೂಲೆ ಗಾಳಿಗೆ ಏಳುತ್ತ ಬೀಳುತ್ತ ಇತ್ತು. ಇವತ್ತು ಹಾಳೆಗೆ ಇಳಿಸಲಿಲ್ಲ. ಇಳಿಸಿದರೆ ಓದಬೇಕು, ಓದಿದರೆ ಬಿಡಿಸದೆ ಇರಲಾರ. ನಿಜ ಹೇಳಬೇಕೆಂದರೆ ಅವನಿಗೆ ಈ ಹದಿನಾಲ್ಕು ತಿಂಗಳಲ್ಲಿ ಬೆಳಗಿನ ಆ ಒಂದು ಗಂಟೆ ಎಲ್ಲಕ್ಕಿಂತ ಇಷ್ಟವಾಗಿತ್ತು, ಒಬ್ಬನೇ, ಮಾರುಕಟ್ಟೆಯ ಗಲಾಟೆಯ ನಡುವೆ. ಆದರೆ ಉತ್ತರ ಹೊಳೆದ ಕೂಡಲೇ ತಲೆಯೆತ್ತಿದರೆ ಎದುರಿಗೆ ಕೋಸಿನ ಬೀಜದ ಡಬ್ಬ. ಹೇಳೋಣವೆಂದರೆ ಯಾರೂ ಇಲ್ಲ. ಸಾಯಂಕಾಲ ಹೇಳುವ ಹೊತ್ತಿಗೆ ಅದು ತಣ್ಣಗಾಗಿರುತ್ತಿತ್ತು, ಮತ್ತೆ ಬಿಸಿ ಮಾಡಿ ಬಡಿಸಬೇಕಿತ್ತು. ಇದಕ್ಕೇನಾ ಇಷ್ಟು ಕಷ್ಟಪಟ್ಟದ್ದು ಎಂದು ಎಷ್ಟೋ ಸಲ ಅನಿಸಿ, ಬಿಡಲಾರದೆ ಸುಮ್ಮನಾಗಿದ್ದ.

ಮಧ್ಯಾಹ್ನ ಹೆಂಡತಿ ಪಿಳ್ಳಮ್ಮ ಬುತ್ತಿ ತಂದಳು. ಅವನು ಮುದ್ದೆ ಮುರಿಯುವಾಗ ಅವಳು ಮೂಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತ, ‘ಎಲ್ಲಿ, ಇವತ್ತಿನ ಒಗಟು ಓದ್ರೀ’ ಎಂದಳು. ಅವಳಿಗೆ ಅಕ್ಷರ ಬಾರದು, ಆದರೆ ಕಿವಿಗೆ ಬಿದ್ದದ್ದನ್ನು ಬಿಡುವವಳಲ್ಲ.

‘ಇವತ್ತಿಲ್ಲ.’

‘ಯಾಕೆ? ಕಾರ್ಡು ಅಲ್ಲೇ ಬಿದ್ದೈತಲ್ಲ. ಅದರಲ್ಲಿ ಯಾವಳಾದ್ರೂ ಕಾಗದ ಬರ್ದವ್ಳಾ?’ ಎಂದು ನಕ್ಕಳು. ಅವನು ನಗದಿದ್ದುದನ್ನು ನೋಡಿ, ‘ಆವತ್ತು ನಾನು ಹೇಳಿದ್ನಲ್ಲ, ತಲೆ ತೆಗೆದ್ರೆ ಕೊಳೆ, ಪೂರ್ತಿ ಇದ್ರೆ ಲಕ್ಷ್ಮಿ ಕೂರೋ ಜಾಗ, ಕಮಲ ಅಂತ. ಮೇಷ್ಟ್ರು ಏನಂದ್ರು? ನೀವು ಹೇಳ್ಲೇ ಇಲ್ಲ’ ಎಂದಳು.

‘ಮೆಚ್ಕೊಂಡ್ರು’ ಎಂದ. ಮೆಚ್ಚಿಕೊಂಡದ್ದು ನಿಜ. ಆದರೆ ಯಾರನ್ನು? ಅವಳು ಹೂವು ಕಟ್ಟುತ್ತ ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿದ್ದ ಉತ್ತರ ಅದು. ಜಗುಲಿಯ ಮೇಲೆ ಅದನ್ನು ತನ್ನದೆಂದು ಹೇಳಿ, ಮೇಷ್ಟರ ‘ಭೇಷ್’ ತೆಗೆದುಕೊಂಡಿದ್ದ. ಈಗ ಪಿಳ್ಳಮ್ಮನ ಮುಖ ಅರಳಿತು, ‘ನಾನಂದೇ ಅಂತ ಹೇಳಿದ್ರಾ? ಅಯ್ಯೋ, ನಾಚ್ಕೆ ಆಗ್ತದೆ’ ಎಂದು ಸೆರಗು ಬಾಯಿಗೆ ಹಿಡಿದಳು. ಅವನು ಮುದ್ದೆಯನ್ನು ಅಷ್ಟಕ್ಕೇ ಬಿಟ್ಟ. ನೀರು ಕುಡಿದ. ಅವಳು ಪಾತ್ರೆ ಬಳಿದುಕೊಂಡು ಹೊರಟ ಮೇಲೂ ಆ ಅರಳಿದ ಮುಖ ಅಲ್ಲೇ ಮೂಟೆಯ ಮೇಲೆ ಕೂತಿದ್ದ ಹಾಗಿತ್ತು.

ಹೋಗದೆ ಇದ್ದರೇನು ಎಂಬ ಯೋಚನೆ ಮೂರು ಗಂಟೆಯ ಸುಮಾರಿಗೆ ಬಂತು. ಕಾರ್ಡನ್ನು ಮಾಯಣ್ಣನ ಕೈಲಿ ಕಳಿಸಿ, ಮೈಗೆ ಸರಿಯಿಲ್ಲ ಎಂದರೆ ಆಯಿತು. ನಾಳೆಯೂ ಹಾಗೇ. ಆಮೇಲೆ ಬದರೀನಾರಾಯಣನಿಗೆ ಬೇರೆ ವಿಳಾಸ ಬರೆದು ಹಾಕಿಸುತ್ತಾರೆ. ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಇಷ್ಟು ಸಲೀಸಾಗಿ ಮುಗಿದುಹೋಗುತ್ತದಲ್ಲ ಎನಿಸಿತು. ಐದೂವರೆಯಿಂದ ದೀಪ ಹಚ್ಚುವವರೆಗಿನ ಆ ಹೊತ್ತನ್ನು ತೆಗೆದರೆ ದಿನದಲ್ಲಿ ಇನ್ನೇನಿದೆ? ಬೀಜ ಅಳೆಯುವುದು, ಪೊಟ್ಟಣ ಕಟ್ಟುವುದು, ಉಣ್ಣುವುದು, ಮಲಗುವುದು. ಮೇಷ್ಟರು ‘ಬಂದ್ಯಾ, ಕೂತ್ಕೋ’ ಎನ್ನುವಾಗ ಪಂಚೆ ಸರಿಸಿ ಜಾಗ ಬಿಡುತ್ತಾರಲ್ಲ, ಒಂದು ಗೇಣು ಜಾಗ, ಅದನ್ನು ಕಳೆದುಕೊಳ್ಳಲಾರೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಅದನ್ನು ಉಳಿಸಿಕೊಳ್ಳಲೆಂದೇ ಕದ್ದದ್ದು, ಕದ್ದದ್ದರಿಂದಲೇ ಈಗ ಅದು ಕೈತಪ್ಪುವಂತಾಗಿದೆ. ಐದಕ್ಕೆ ಹಲಗೆ ಹಾಕಿ ಬೀಗ ಜಡಿದು, ಕಾರ್ಡನ್ನು ಬರೆದ ಮುಖ ಎದೆಯ ಕಡೆ ಮಾಡಿ ಜೇಬಿನಲ್ಲಿಟ್ಟುಕೊಂಡು ಹೊರಟ. ಕೋಟೆಯ ಗೋಡೆಯ ಹತ್ತಿರ ಒಮ್ಮೆ ನಿಂತ. ಹಿಂದಿನಿಂದ ಸೌದೆಯ ಗಾಡಿಯವನು ‘ಹೋಗ್ತೀರಾ ಇಲ್ವಾ ಸ್ವಾಮಿ’ ಎಂದು ಕೂಗಿದ ಮೇಲೆ ಧರ್ಮರಾಜು ಮುಂದೆ ನಡೆದ.

ಜಗುಲಿಯ ಮೇಲೆ ಇಬ್ಬರೂ ಆಗಲೇ ಕೂತಿದ್ದರು. ‘ಬಂದ್ಯಾ, ಕೂತ್ಕೋ’ ಎಂದು ಮೇಷ್ಟರು ಪಂಚೆ ಸರಿಸಿದರು. ಎಂದಿನ ಹಾಗೆಯೇ. ಧರ್ಮರಾಜು ಕಾರ್ಡನ್ನೂ ಖಾಲಿ ಹಾಳೆಯನ್ನೂ ರಾಮಾಂಜಿನಪ್ಪನ ಮುಂದಿಟ್ಟು, ‘ಇವತ್ತು ಬರ್ಕೊಂಡು ಬಂದಿಲ್ಲ. ನೀನೇ ಬರಿ’ ಎಂದ. ದನಿ ತನ್ನದಲ್ಲ ಎನಿಸಿತು. ಯಾಕೆ ಎಂದು ಅವರು ಕೇಳಲಿಲ್ಲ. ರಾಮಾಂಜಿನಪ್ಪ ನಾಲಗೆ ಕಚ್ಚಿಕೊಂಡು ಸೊಟ್ಟ ಸೊಟ್ಟ ಗೆರೆ ಎಳೆದ, ಒಂದು ಮನೆ ದೊಡ್ಡದು ಒಂದು ಸಣ್ಣದು. ‘ಇದೇನಯ್ಯ, ಭೂಕಂಪ ಆದ ಊರಿದ್ದಂಗಿದೆ’ ಎಂದರು ಮೇಷ್ಟರು. ಮೊದಲ ಸುಳಿವು, ಬಾಲ ಕತ್ತರಿಸಿದರೆ ಬೆಟ್ಟ, ಬಿಟ್ಟರೆ ಪಟ್ಟಣ. ನಗರ ಎಂದರು ಮೇಷ್ಟರು, ಅವರಿಗದು ಎಲೆಯಡಿಕೆ ಹಾಕಿಕೊಂಡಷ್ಟು ಸಲೀಸು. ಎರಡನೆಯದು, ಕೊರಳಲ್ಲಿದ್ದದ್ದು ಹಿಂದುಮುಂದಾಗಿ ಮಾವಿನ ಹಣ್ಣಿನೊಳಗೆ ಸೇರಿತು. ರಾಮಾಂಜಿನಪ್ಪ ತಾಳಿ, ಸರಪಣಿ ಎಂದು ಏನೇನೋ ಅಂದು, ಸರ ಎಂದು, ಅದನ್ನು ತಿರುಗಿಸಿ ರಸ ಎಂದು ತೊಡೆ ತಟ್ಟಿಕೊಂಡ. ಧರ್ಮರಾಜುವಿಗೆ ಯಾವುದೂ ಹೊಳೆಯಲಿಲ್ಲ. ಹೊಳೆಯುವಷ್ಟು ಪುರಸೊತ್ತೇ ಇರಲಿಲ್ಲ. ಬೆಳಗಿನ ಒಂದು ಗಂಟೆಯಲ್ಲಿ ಆಗುತ್ತಿದ್ದದ್ದು ಇಲ್ಲಿ ಇವರಿಗೆ ಒಂದು ಗಳಿಗೆಯಲ್ಲಿ ಆಗುತ್ತಿತ್ತು.

ಮೂರನೆಯದನ್ನು ರಾಮಾಂಜಿನಪ್ಪ ಎರಡು ಸಲ ಓದಿದ. ‘ನಾಲ್ಕು ಮನೆ. ಕಬ್ಬಿಣ ತಿನ್ನುವುದು ಮನೆಯ ಮುಂದೆ ನಿಂತರೆ ದೊರೆ ಒಳಗೆ ಬರುತ್ತಾನೆ.’ ಓದಿ ಸುಮ್ಮನಾದ. ಮೇಷ್ಟರೂ ಸುಮ್ಮನೆ ಬೀದಿಯ ಕಡೆ ನೋಡಿದರು. ಕಬ್ಬಿಣ ತಿನ್ನುವುದು ಯಾವುದು? ತುಕ್ಕು. ತುಕ್ಕುಮನೆ? ಎಂಥದದು! ಬೆಂಕಿ? ಬೆಂಕಿಮನೆಗೆ ಯಾವ ದೊರೆ ಬಂದಾನು? ಧರ್ಮರಾಜುವಿನ ಹಣೆ ಬೆವತಿತು. ಇದೊಂದಾದರೂ ಬರಲಿ ದೇವರೇ ಎಂದುಕೊಂಡ. ಬರಲಿಲ್ಲ. ಅವರಿಬ್ಬರೂ ಕಾಯುತ್ತಿದ್ದಾರೆ ಎನಿಸಿ ತಲೆಯೆತ್ತಿದ.

ರಾಮಾಂಜಿನಪ್ಪ ತುಟಿಗೆ ಪೆನ್ಸಿಲ್ ಒತ್ತಿಕೊಂಡು ಜಂತೆ ನೋಡುತ್ತಿದ್ದ. ‘ಎಲ್ಲೋ ಕೇಳ್ದಂಗೈತೆ ಧರ್ಮಣ್ಣ, ಬಾಯಿಗೆ ಬರ್ತಿಲ್ಲ. ನೀನೇ ನೋಡು’ ಎಂದ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡುವ ರಾಮಾಂಜಿ, ಗಂಟಲು ತಗ್ಗಿಸಿ, ಕಣ್ಣು ತಪ್ಪಿಸಿ. ಅಣಕವಿರಲಿಲ್ಲ ಅದರಲ್ಲಿ, ಚೂರೂ ಇರಲಿಲ್ಲ. ಇವನಿಗೆ ಗೊತ್ತು ಎಂದು ಧರ್ಮರಾಜುವಿಗೆ ಆ ಕ್ಷಣದಲ್ಲಿ ತಿಳಿಯಿತು. ಗೊತ್ತಿದ್ದೂ ನನಗೆಂದು ಬಿಟ್ಟಿದ್ದಾನೆ. ಗೊತ್ತಿಲ್ಲದವನ ಮುಖ ಹೀಗಿರುವುದಿಲ್ಲ. ಗೊತ್ತಿಲ್ಲದವನ ಮುಖ ಈಗ ತನ್ನದಿದೆ. ಹಾಗಾದರೆ ಹದಿನಾಲ್ಕು ತಿಂಗಳು ತಾನು ಜಂತೆ ನೋಡಿದ್ದು ಇವರ ಕಣ್ಣಿಗೆ ಹೀಗೇ ಕಂಡಿತ್ತು. ಇಷ್ಟು ಚೆನ್ನಾಗಿ, ಹಗಲಿನಷ್ಟು ಸ್ಪಷ್ಟವಾಗಿ. ಎದ್ದು ಹೋಗಿಬಿಡೋಣವೆಂದು ಮೆಟ್ಟಿಲ ಮೇಲೆ ಕಾಲಿಟ್ಟ, ಇಟ್ಟು ಅಲ್ಲೇ ಕೂತ.

‘ನಂಗೆ ಗೊತ್ತಿಲ್ಲ ರಾಮಾಂಜಿ. ನಿಂಗೆ ಗೊತ್ತು. ಹೇಳು.’

‘ಇಲ್ಲಣ್ಣ, ನಿಜವಾಗ್ಲೂ...’

‘ಹೇಳೋ! ನಾನು ದಿನಾ ಬೆಳಿಗ್ಗೆ ಬಿಡಿಸ್ಕೊಂಡು ಬರ್ತಿದ್ದೆ. ನಿಘಂಟು ಇಟ್ಕೊಂಡು. ಒಂದು ದಿನ ಬಿಡ್ದೆ. ಕಮಲ ಅಂದಿದ್ದು ನಾನಲ್ಲ, ನನ್ ಹೆಂಡ್ತಿ.’

ಮೇಷ್ಟರು ಬೀದಿಯ ಕಡೆಯಿಂದ ಮುಖ ತಿರುಗಿಸಿದರು. ಮಂಜುಗಣ್ಣು ಅವನನ್ನು ಹುಡುಕಿ ಸಿಕ್ಕಿಸಿಕೊಂಡಿತು. ‘ಹೆಂಡ್ತಿ ವಿಷಯ ಗೊತ್ತಿರ್ಲಿಲ್ಲ’ ಎಂದರು. ‘ಮಿಕ್ಕಿದ್ದು ಎರಡ್ನೇ ತಿಂಗಳಲ್ಲೇ ಗೊತ್ತಾಯ್ತು.’

‘ಮತ್ತೆ ಯಾಕೆ ಹೇಳ್ಲಿಲ್ಲ ಮೇಷ್ಟ್ರೇ?’

‘ಹೇಳಿದ್ರೆ ನೀನು ಮಾರ್ನೇ ದಿನ ಬರ್ತಿದ್ಯಾ? ನಿನ್ ಸ್ವಭಾವ ನಂಗೊತ್ತಿಲ್ವಾ? ನಂಗೆ ಸಿಟ್ಟು ಬಂದಿತ್ತು. ಈಗ್ಲೂ ಇದೆ. ಬಿಡಿಸಿದ್ದಕ್ಕಲ್ಲ ಕಣಯ್ಯ. ಒಬ್ನೇ ಬಿಡಿಸಿದ್ದಕ್ಕೆ.’ ಅವರು ಕಾರ್ಡನ್ನೆತ್ತಿ ಕಣ್ಣಿನ ಹತ್ತಿರ ಹಿಡಿದು, ಮತ್ತೆ ಕೆಳಗಿಟ್ಟರು. ‘ಈ ಕಣ್ಣಲ್ಲಿ ಇನ್ನೇನು ಓದೋಕಾಗ್ತದೆ ನಂಗೆ? ದಿನಕ್ಕೊಂದು ಈ ಚೌಕ. ನೀನು ತಲೆ ಕೆರ್ಕೊಂಡು ತಪ್ಪು ಹೇಳೋದು, ಇವ್ನು ಅದಕ್ಕಿಂತ ತಪ್ಪು ಹೇಳೋದು, ಮೂರ್ ಜನ ಬೇಸ್ತು ಬೀಳೋದು, ಅದು ಬೇಕಿತ್ತು ನಂಗೆ. ನೀನು ಉತ್ತರ ತಂದುಕೊಟ್ಟೆ. ಉತ್ತರ ಯಾರಿಗೆ ಬೇಕಾಗಿತ್ತು?’

ಧರ್ಮರಾಜುವಿನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ, ಯಾರು ನೋಡಿದರೂ ಚಿಂತೆಯಿಲ್ಲ ಎನಿಸಿತು. ರಾಮಾಂಜಿನಪ್ಪನೇ ಕೊನೆಗೆ ತಡೆಯಲಾರದೆ, ‘ಅರ ಕಣೋ! ದಿನಾ ಬೆಳಿಗ್ಗೆಯಿಂದ ಸಂಜೆಗಂಟ ಗಿರಣೀಲಿ ಅದರಲ್ಲೇ ಕಬ್ಬಿಣ ಉಜ್ತೀನಿ ನಾನು. ಅರ, ಮನೆ. ಅರಮನೆ! ಎದೆ ಒಡ್ದೋಗ್ತಿತ್ತು ನಂಗೆ, ಇಟ್ಕೊಳೋಕಾಗ್ದೆ. ನೀನು ಹೆಂಗಪ್ಪಾ ಬೆಳಿಗ್ಗೆಯಿಂದ ಇಟ್ಕೊಳ್ತಿದ್ದೆ?’ ಎಂದು ಕೇಳಿದ. ನಿಜವಾದ ಆಶ್ಚರ್ಯದಿಂದಲೇ ಕೇಳಿದ. ಮೇಷ್ಟರು ಮೊದಲು ನಕ್ಕರು, ಆಮೇಲೆ ಅವನು, ಆಮೇಲೆ, ತಡವಾಗಿ, ಮೂಗೆಳೆದುಕೊಳ್ಳುತ್ತ ಧರ್ಮರಾಜು.

‘ನಾಳೆಯಿಂದ ಕಾರ್ಡು ನಿಮ್ಮನೇಗೇ ಬರ್ಲಿ ಮೇಷ್ಟ್ರೇ’ ಎಂದ.

‘ಏನೂ ಬೇಡ. ನಿನ್ನಂಗಡಿಗೇ ಬರ್ಲಿ. ಇವನ ಗೆರೆ ನೋಡಿದ್ರೆ ಇದ್ದ ಕಣ್ಣೂ ಹೋಗ್ತದೆ. ನಾಳೆ ನೀನೇ ಬರಿ, ಹೆಂಡ್ತೀನ್ನ ಕೇಳ್ಬೇಡ. ಅವಳನ್ನ ಒಂದಿನ ಇಲ್ಲಿಗೇ ಕರ್ಕೊಂಡ್ಬಾ, ಒಳಗೆ ನಮ್ಮವಳ ಜೊತೆ ಕೂತು ಅಲ್ಲಿಂದ್ಲೇ ಹೇಳ್ಲಿ. ಹೂಂ, ಮುಂದಿಂದು ಓದು ರಾಮಾಂಜಿ, ಬೆಳಕು ಹೋಗ್ತಾ ಇದೆ.’

‘ನಾಲ್ಕು ಮನೆ’ ಎಂದು ರಾಮಾಂಜಿನಪ್ಪ ಗಂಟಲು ಸರಿಮಾಡಿಕೊಂಡ. ‘ನೀರಿನಲ್ಲಿ ಹುಟ್ಟಿದವನು ನೀರನ್ನೇ ಹೊತ್ತು ನಡೆದ.’

ಬೆಸ್ತ ಎಂದ ರಾಮಾಂಜಿನಪ್ಪ ತಾನೇ. ಮೂರಾದರೂ ಇಲ್ಲವಲ್ಲಯ್ಯ ಅಕ್ಷರ ಎಂದರು ಮೇಷ್ಟರು, ಬಿಂದಿಗೆ ಎಂದು ನೋಡಿದರು, ಒಂದಕ್ಷರ ಸಾಲಲಿಲ್ಲ, ಅದು ನೀರಲ್ಲಿ ಹುಟ್ಟುವುದೂ ಇಲ್ಲ. ಏಡಿಕಾಯಿ ಎಂದ ಧರ್ಮರಾಜು. ಅಕ್ಷರ ನಾಲ್ಕಾಗುತ್ತದೆ, ಆದರೆ ಏಡಿ ನೀರು ಹೊರುತ್ತದೆಯೇ ಎಂದು ಇಬ್ಬರೂ ಅವನ ಮೇಲೆ ಬಿದ್ದರು. ಹೊರುವುದಿಲ್ಲ, ನಿಜ. ಧರ್ಮರಾಜು ಮೇಷ್ಟರ ಮುಖ ನೋಡಿದ, ಹಣೆಯ ಗೆರೆಗಳೆಲ್ಲ ಒಂದು ಕಡೆ ಸೇರಿದ್ದವು. ರಾಮಾಂಜಿಯ ಮುಖ ನೋಡಿದ, ಬಾಯಿ ಅರ್ಧ ತೆರೆದಿತ್ತು. ಗೊತ್ತಿರಲಿಲ್ಲ, ಇಬ್ಬರಿಗೂ ನಿಜವಾಗಿ ಗೊತ್ತಿರಲಿಲ್ಲ. ಅವನು ಮೆಟ್ಟಿಲಿಂದ ಎದ್ದು ಜಗುಲಿ ಹತ್ತಿ, ಹಾಳೆ ಕಾಣುವಷ್ಟು ಹತ್ತಿರಕ್ಕೆ, ಅವರಿಬ್ಬರ ನಡುವೆ ಸರಿದು ಕೂತ.